ಮಾರ್ಚಿನ ಒಂದು ದಿನ, ಡಿಸೆಂಬರಿನ ಎರಡು ದಿನ: ಥಂಡಿಯಲ್ಲಿ ಭತ್ತದ ನೇರ ಬಿತ್ತನೆ

ಮೂರು ವರ್ಷದ ಹಿಂದೆ ಡಿಸೆಂಬರ್ ಮೂರನೇ ವಾರದಲ್ಲಿ ಎರಡು ಎಕರೆಗೆ ಡ್ರಮ್ ಸೀಡರ್ ಎಳೆಸಿದ್ದೆ, ಅಂದರೆ ಸಸಿ ನಾಟಿ ಮಾಡದೆ, ತೂತಿರುವ ಡ್ರಮ್ಮಿನಿಂದ ಮೊಳಕೆ ಬೀಜವನ್ನು ನೇರ ಕೆಸರಿಗೆ ಸಾಲಾಗಿ ಬಿಡಿಸಿದ್ದೆ. ಯಾದಗಿರಿ ಜಿಲ್ಲೆಯ ಶಹಾಪುರ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲ, ಕಾಲುವೆ ನೀರು. ಬೀಜ ಚೆನ್ನಾಗಿದೆ ಅಂದುಕೊಂಡಿದ್ದೆ, ಕೆಸರೂ ಚೆನ್ನಾಗಿ ಆಗಿತ್ತು. ಬಿತ್ತಿದ ಮರುದಿನ ಮೋಡ ಸರಿಯಿತು, ಥಂಡಿ ಬಿತ್ತು. ಬೆಳಿಗ್ಗೆ ಬರಿಗಾಲಲ್ಲಿ ಬದುವಿನ ಮೇಲೆ ನಡೆದರೆ ಬೆರಳು ಮರಗಟ್ಟುವಷ್ಟು. ವಾರದಲ್ಲಿ ಕಾಣಬೇಕಿದ್ದ ಹಸಿರು ಹನ್ನೆರಡು ದಿನವಾದರೂ ಕಾಣಲಿಲ್ಲ. ಪಕ್ಕದ ಹೊಲದ ಕಾಕಾ ಬಂದು ನಿಂತು ಕೇಳಿದರು, "ಏನೋ ತಮ್ಮಾ, ಬೀಜ ಬಿತ್ತಿದ್ದೋ, ಹೂಳಿದ್ದೋ?"

ಕೊನೆಗೆ ಅರ್ಧ ಹೊಲಕ್ಕೆ ಮತ್ತೆ ಬೀಜ ಹಾಕಬೇಕಾಯಿತು. ಬೇಗ ಬಿತ್ತಿ ಬೇಗ ಕೊಯ್ಯೋಣ ಎಂದು ಹೊರಟವನು ಎಲ್ಲರಿಗಿಂತ ತಡವಾಗಿ ಕೊಯ್ದೆ. ಆಮೇಲೆ ಒಂದು ಥರ್ಮಾಮೀಟರ್ ತಂದೆ, ಒಂದು ನೋಟ್‌ಬುಕ್ ಇಟ್ಟೆ. ಆ ನೋಟ್‌ಬುಕ್ಕಿನಿಂದ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ಬೇಸಿಗೆ ಭತ್ತಕ್ಕೆ, ಅಂದರೆ ಮುಂಗಾರಿನ ಬೆಳೆ ಕೊಯ್ದು ಚಳಿಯಲ್ಲಿ ಬಿತ್ತುವ ಭತ್ತಕ್ಕೆ. ಜೂನ್, ಜುಲೈನ ಕೂರಿಗೆ ಭತ್ತಕ್ಕೆ ಈ ಚಿಂತೆ ಬೇಕಿಲ್ಲ.

ನಾವೇಕೆ ಇಷ್ಟು ಅವಸರ ಮಾಡುತ್ತೇವೆ?

ಕಾರಣ ಎಲ್ಲರಿಗೂ ಗೊತ್ತು: ಕಾಲುವೆ ನೀರು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬೆಳೆ ಮುಗಿಯುವವರೆಗೂ ಬರುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ಹಿಂಗಾರಿಗೆ ನೀರು ಎಷ್ಟು ದಿನ, ವಾರಬಂದಿ (ಸರದಿ ಪ್ರಕಾರ ನೀರು ಬಿಡುವುದು) ಹೇಗೆ ಎಂಬುದನ್ನು ನೀರಾವರಿ ಸಲಹಾ ಸಮಿತಿ ಆಯಾ ವರ್ಷ ಜಲಾಶಯ ನೋಡಿ ತೀರ್ಮಾನ ಮಾಡುತ್ತದೆ. ಅದು ಹೊರಬೀಳುವ ಮೊದಲು ಬೀಜ ನೆನೆ ಹಾಕಬೇಡಿ. ಇದೇ ನನ್ನ ಮೊದಲ ಸಲಹೆ, ಮಿಕ್ಕಿದ್ದೆಲ್ಲ ಆಮೇಲೆ.

ಎರಡನೇ ಕಾರಣ ಬಿಸಿಲು. ಭತ್ತ ಹೂವಾಡುವ ಹೊತ್ತಿಗೆ 35 ಡಿಗ್ರಿ ದಾಟಿದರೆ ಪರಾಗ ಸಾಯುತ್ತದೆ, ಕಾಳು ಜೊಳ್ಳಾಗುತ್ತದೆ. ನಮ್ಮ ಕಡೆ ಮಾರ್ಚ್ ಕೊನೆಯ ವಾರ, ಏಪ್ರಿಲ್ ಅಂದರೆ ಬಿಸಿಲು ಹೇಗಿರುತ್ತದೆ ಅಂತ ಹೇಳಬೇಕಾ? ಹೂವು ಬಿಚ್ಚುವುದು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದೊಳಗೆ. ಹಾಗಾಗಿ ಮಾರ್ಚ್ 20ರ ಸುಮಾರಿಗೆ ಹೂವು ಮುಗಿದರೆ ಬಚಾವ್.

ಮುಂದೆ ಬಿಸಿಲು, ಹಿಂದೆ ಚಳಿ, ತಲೆ ಮೇಲೆ ಕಾಲುವೆ ಬಂದ್ ಆಗುವ ತಾರೀಖು. ಈ ಇಕ್ಕಟ್ಟಿನಲ್ಲಿ ನೇರ ಬಿತ್ತನೆಗೆ ಒಂದು ಅನುಕೂಲ ಇದೆ. ಸಸಿ ಕಿತ್ತು ನಾಟಿ ಮಾಡುವಾಗ ಬೇರಿಗೆ ಆಗುವ ಪೆಟ್ಟು ಇಲ್ಲಿಲ್ಲ. ಬೆಳೆ ಏಳರಿಂದ ಹತ್ತು ದಿನ ಮೊದಲೇ ಕೊಯ್ಲಿಗೆ ಬರುತ್ತದೆ. ಆದರೆ ಸಸಿ ಮಡಿಯಾದರೆ ನಾಲ್ಕು ಗುಂಟೆ, ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹೊದಿಸಿ ಚಳಿಯಿಂದ ಕಾಯಬಹುದು. ನಾಲ್ಕು ಎಕರೆಗೆ ಯಾವ ಹಾಳೆ ಹೊದಿಸುತ್ತೀರಿ?

ಮೊದಲು ಲೆಕ್ಕ: ದಿನ ಎಣಿಸಬೇಡಿ, ಬಿಸಿ ಎಣಿಸಿ

ಭತ್ತಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತನಗೆ ಸಿಕ್ಕ ಬಿಸಿ ಎಷ್ಟು ಎಂಬುದು ಮಾತ್ರ. 10 ಡಿಗ್ರಿಗಿಂತ ಕೆಳಗೆ ಅದರ ಬೆಳವಣಿಗೆ ಹೆಚ್ಚುಕಡಿಮೆ ನಿಂತುಬಿಡುತ್ತದೆ. ಅದಕ್ಕಿಂತ ಮೇಲೆ ಎಷ್ಟು ಡಿಗ್ರಿ ಸಿಕ್ಕಿತೋ ಅಷ್ಟೇ ಅದರ ಗಳಿಕೆ. ಅಮೆರಿಕದ ಅರ್ಕಾನ್ಸಾ ರಾಜ್ಯದ ಭತ್ತದ ರೈತರು ಇದೇ ಲೆಕ್ಕದ ಮೇಲೆ ಗೊಬ್ಬರ, ನೀರು, ಔಷಧಿಯ ದಿನ ಗೊತ್ತುಮಾಡುತ್ತಾರೆ. ಅವರು 50 ಡಿಗ್ರಿ ಫ್ಯಾರನ್‌ಹೀಟ್‌ನಿಂದ ಎಣಿಸುತ್ತಾರೆ. ಅದು ನಮ್ಮ 10 ಡಿಗ್ರಿ ಸೆಲ್ಸಿಯಸ್ಸೇ.

ಲೆಕ್ಕ ಸುಲಭ. ಆ ದಿನದ ಗರಿಷ್ಠ, ಕನಿಷ್ಠ ಕೂಡಿಸಿ, ಅರ್ಧ ಮಾಡಿ, ಅದರಲ್ಲಿ 10 ಕಳೆಯಿರಿ.

ಡಿಸೆಂಬರಿನ ಒಂದು ದಿನ ಮಧ್ಯಾಹ್ನ 27, ಬೆಳಗಿನ ಜಾವ 11 ಎಂದುಕೊಳ್ಳಿ. ಸರಾಸರಿ 19. ಹತ್ತು ಕಳೆದರೆ 9. ಮಾರ್ಚಿನ ಒಂದು ದಿನ 36 ಮತ್ತು 20 ಎಂದುಕೊಳ್ಳಿ. ಸರಾಸರಿ 28. ಹತ್ತು ಕಳೆದರೆ 18. ಅಂದರೆ ಮಾರ್ಚಿನ ಒಂದು ದಿನ ಡಿಸೆಂಬರಿನ ಎರಡು ದಿನಕ್ಕೆ ಸಮ.

ಈಗ ನೀವು ನೆರೆಯವರಿಗಿಂತ 16 ದಿನ ಮುಂಚೆ ಬಿತ್ತಿದಿರಿ ಎನ್ನೋಣ. ಆ 16 ದಿನದಲ್ಲಿ ನಿಮ್ಮ ಬೆಳೆ ಗಳಿಸಿದ್ದು 144. ಅದೇ 144ನ್ನು ನೆರೆಯವರ ಬೆಳೆ ಮಾರ್ಚಿನಲ್ಲಿ 8 ದಿನಕ್ಕೆ ಗಳಿಸುತ್ತದೆ. ಹಾಗಾಗಿ ಹದಿನಾರು ದಿನ ಮುಂಚೆ ಬಿತ್ತಿದ್ದಕ್ಕೆ ಕೊಯ್ಲಿನಲ್ಲಿ ನಿಮಗೆ ದಕ್ಕುವುದು ಎಂಟೇ ದಿನ. ಎಂಟು ದಿನ ಕಡಿಮೆಯೇನಲ್ಲ. ಕಾಲುವೆಯ ಕೊನೆಯ ಸರದಿ ನೀರು ಕಾಳು ಹಾಲುಗಟ್ಟುವ ಹೊತ್ತಿಗೆ ಸಿಗುತ್ತೋ ಇಲ್ಲವೋ ಎಂಬುದು ಆ ಎಂಟು ದಿನದಲ್ಲೇ ತೀರ್ಮಾನ ಆಗುತ್ತದೆ. ಆದರೆ ಆ ಎಂಟು ದಿನಕ್ಕಾಗಿ ಮೊಳಕೆಯನ್ನೇ ಕಳೆದುಕೊಂಡು ಮರುಬಿತ್ತನೆ ಮಾಡಿದರೆ ಲಾಭ ಎಲ್ಲಿ ಬಂತು?

ಮೊಳಕೆಗೂ ಇದೇ ಲೆಕ್ಕ. ಬೀಜ ಬಿದ್ದಲ್ಲಿಂದ ಹಸಿರು ಕಾಣುವವರೆಗೆ 80 ಬೇಕು ಎಂದುಕೊಂಡರೆ, ದಿನಕ್ಕೆ 9 ಸಿಗುವಾಗ ಒಂಬತ್ತು ದಿನ. ಥಂಡಿ ಜೋರಾಗಿ 26 ಮತ್ತು 8ಕ್ಕೆ ಇಳಿದರೆ ದಿನಕ್ಕೆ 7, ಹನ್ನೊಂದು ಹನ್ನೆರಡು ದಿನ. 31 ಮತ್ತು 15 ಇದ್ದರೆ ಆರೇ ದಿನ. ತಳಿ, ಬಿತ್ತಿದ ಆಳ, ಮಣ್ಣು ನೋಡಿ ಈ 80 ಹೆಚ್ಚುಕಡಿಮೆ ಆಗುತ್ತದೆ. ಮೊಳಕೆ ಕಟ್ಟಿದ ಬೀಜ ಹಾಕಿದರೆ ಒಂದಷ್ಟು ಭಾಗ ಮನೆಯಲ್ಲೇ ಮುಗಿದಿರುತ್ತದೆ. ಆದರೆ ಹನ್ನೆರಡು ದಿನ ಬೀಜ ಕೆಸರಲ್ಲಿ ಕೂತಿದ್ದರೆ ಸುಮ್ನೆ ಕೂತಿರುವುದಿಲ್ಲ. ಬೆಳವಕ್ಕಿ ಬರುತ್ತದೆ, ಇಲಿ ಬರುತ್ತದೆ, ಕೊಳೆ ಬರುತ್ತದೆ. ಕಳೆ ಮಾತ್ರ ಚಳಿ ಗಿಳಿ ಅನ್ನದೆ ಎದ್ದುಬಿಡುತ್ತದೆ.

ಚಳಿ ದೇಶದವರ ಪಾಠ ನಮಗೆ ಪೂರ್ತಿ ಒಗ್ಗುವುದಿಲ್ಲ

ಇಟಲಿಯ ವೆರ್ಚೆಲ್ಲಿ, ನೋವಾರಾ, ಪವಿಯಾ ಕಡೆ ಭತ್ತವನ್ನು ಏಪ್ರಿಲ್, ಮೇ ತಿಂಗಳಲ್ಲಿ ನೇರವಾಗಿ ಬಿತ್ತುತ್ತಾರೆ. ಆಲ್ಪ್ಸ್ ಬೆಟ್ಟದಿಂದ ಬರುವ ನೀರು ತಣ್ಣಗಿರುತ್ತದೆ ಅಂತ ಕೆಲವೆಡೆ ಅದನ್ನು ಮೊದಲು ಒಂದು ಮಡಿಯಲ್ಲಿ ಸುತ್ತಾಡಿಸಿ ಬೆಚ್ಚಗಾಗಿಸಿ ಆಮೇಲೆ ಗದ್ದೆಗೆ ಬಿಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ನೀರು ತುಂಬಿದ ಗದ್ದೆಗೆ ನೆನೆಸಿದ ಬೀಜವನ್ನು ವಿಮಾನದಿಂದ ಚೆಲ್ಲುತ್ತಾರೆ. ಅಲ್ಲಿ ನಿಂತ ನೀರೇ ರಾತ್ರಿಯ ಚಳಿಗೆ ಹೊದಿಕೆ. ಅರ್ಕಾನ್ಸಾದಲ್ಲಿ ಒಣ ಮಣ್ಣಿಗೆ ಕೂರಿಗೆ ಹೊಡೆಯುತ್ತಾರೆ. ಮಣ್ಣಿನ ಬಿಸಿ 15.5 ಡಿಗ್ರಿ ದಾಟಲಿ ಅಂತ ಕಾಯುತ್ತಾರೆ.

ಅವರಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅವರು ಬಿತ್ತುವುದು ಚಳಿ ಇಳಿಯುವಾಗ. ಇವತ್ತಿಗಿಂತ ಮುಂದಿನ ವಾರ ಬೆಚ್ಚಗಿರುತ್ತದೆ. ಅನುಮಾನ ಬಂದರೆ ಕಾದರಾಯಿತು. ನಾವು ಬಿತ್ತುವುದು ಚಳಿ ಏರುವಾಗ. ನವೆಂಬರ್ ಕೊನೆಗೆ ಮಣ್ಣು 20 ಡಿಗ್ರಿ ತೋರಿಸಿತು ಅಂತ ಖುಷಿಪಟ್ಟರೆ, ಬಿತ್ತಿದ ನಾಲ್ಕನೇ ದಿನ ಅದೇ ಮಣ್ಣು 15 ತೋರಿಸಬಹುದು. ಕಾದರೆ ಇನ್ನೂ ಕೆಡುತ್ತದೆ. ಹಾಗಾಗಿ ಥರ್ಮಾಮೀಟರ್ ಒಂದೇ ಸಾಲದು, ಮುಂದಿನ ಐದು ದಿನದ ಹವಾಮಾನವೂ ಕೈಯಲ್ಲಿರಬೇಕು. ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್‌ನಲ್ಲಿ ಜಿಲ್ಲೆಯ ಮುನ್ಸೂಚನೆ ಕನ್ನಡದಲ್ಲೇ ಸಿಗುತ್ತದೆ. ಅದರಲ್ಲಿ ಮಳೆ ನೋಡುವವರೇ ಜಾಸ್ತಿ. ನೀವು ಕನಿಷ್ಠ ಉಷ್ಣಾಂಶದ ಸಾಲು ನೋಡಿ.

ಇನ್ನೊಂದು ಗುರುತು ಆಕಾಶದಲ್ಲೇ ಇದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಗಿ ಎರಡು ದಿನ ಮೋಡ ಕವಿದರೆ ರಾತ್ರಿ ಬೆಚ್ಚಗಿರುತ್ತದೆ. "ಚಳಿ ಹೋಯ್ತು" ಅಂತ ಆಗಲೇ ಜನ ಬೀಜ ನೆನೆ ಹಾಕುತ್ತಾರೆ. ಮೋಡ ಸರಿದು ಉತ್ತರದ ಗಾಳಿ ತಿರುಗಿದ ರಾತ್ರಿಯೇ ಥಂಡಿ ಶುರು. ನಾನು ಕೆಟ್ಟಿದ್ದೂ ಹಾಗೇ.

ಬಿತ್ತುವ ಕಾಲ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಯಾದಗಿರಿ ಜಿಲ್ಲೆಯ ಕಾಲುವೆ ಹೊಲಗಳಿಗೆ ನವೆಂಬರ್ 25ರಿಂದ ಡಿಸೆಂಬರ್ 10ರ ಒಳಗೆ ಬೀಜ ಬೀಳಲಿ. ಗಟ್ಟಿ ಥಂಡಿ ಬರುವಷ್ಟರಲ್ಲಿ ಸಸಿಗೆ ಎರಡು ಮೂರು ಎಲೆ ಇರಬೇಕು. ಎಲೆ ಬಿಟ್ಟು ಬೇರೂರಿದ ಸಸಿ ಚಳಿಗೆ ಹಳದಿಯಾಗಿ ಮುದುಡಿಕೊಂಡರೂ ಬದುಕುತ್ತದೆ. ಮೊಳಕೆಯಲ್ಲಿರುವ ಬೀಜ ಅಷ್ಟು ಗಟ್ಟಿಯಲ್ಲ. ಮೊಳೆಯಲು 10ರಿಂದ 12 ಡಿಗ್ರಿ ಸಾಕು ಅಂತ ಪುಸ್ತಕ ಹೇಳುತ್ತದೆ, ನಿಜ. ಆದರೆ ಬೇರು ಚೆನ್ನಾಗಿ ಇಳಿಯಲು 16 ಡಿಗ್ರಿಯಾದರೂ ಬೇಕು, ಆರಾಮಾಗಿ ಬೆಳೆಯಲು 25 ಬೇಕು.

ಎಳ್ಳಮವಾಸ್ಯೆಯ ಆಸುಪಾಸು ನಮ್ಮಲ್ಲಿ ಚಳಿಯ ನಡುಮನೆ. ಆ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಭಜ್ಜಿ ಉಂಡು ಬನ್ನಿ. ಭತ್ತ ಬಿತ್ತಬೇಡಿ. ಸಂಕ್ರಾಂತಿ ಆದ ಮೇಲೆ ಬಿತ್ತಿದರೆ ಮೊಳಕೆ ಚೆನ್ನಾಗಿ ಬರುತ್ತದೆ, ಆದರೆ ಹೂವು ಏಪ್ರಿಲ್ ಬಿಸಿಲಿಗೆ ಸಿಗುತ್ತದೆ, ಅಷ್ಟರಲ್ಲಿ ಕಾಲುವೆಯೂ ಒಣಗಿರುತ್ತದೆ. ಅಷ್ಟು ತಡವಾದರೆ ಭತ್ತದ ಆಸೆ ಬಿಟ್ಟು ಶೇಂಗಾ ಅಥವಾ ಎಳ್ಳು ಹಾಕುವುದು ವಾಸಿ.

ಬೀದರ್ ಕಡೆಯವರು ಇದನ್ನು ಓದುತ್ತಿದ್ದರೆ ಒಂದು ಮಾತು. ಬೀದರ್ ಸಮುದ್ರ ಮಟ್ಟದಿಂದ 600 ಮೀಟರಿಗೂ ಎತ್ತರ, ಯಾದಗಿರಿ 400ರ ಆಸುಪಾಸು. ಚಳಿಗಾಲದಲ್ಲಿ ರಾಜ್ಯದಲ್ಲೇ ಕಡಿಮೆ ಉಷ್ಣಾಂಶ ಬೀದರ್‌ನಲ್ಲಿ ಅಂತ ಪೇಪರ್‌ನಲ್ಲಿ ಆಗಾಗ ಬರುತ್ತಲ್ವಾ? ಕಾರಂಜಾ ಜಲಾಶಯದ ನೀರಿರುವ ಕಡೆ ಬೇಸಿಗೆ ಭತ್ತ ಮಾಡುವವರಿಗೆ ನೇರ ಬಿತ್ತನೆಗಿಂತ ಸಸಿ ಮಡಿ ಮಾಡಿ, ರಾತ್ರಿ ಹಾಳೆ ಹೊದಿಸಿ, ಆಮೇಲೆ ನಾಟಿ ಮಾಡುವುದೇ ಕ್ಷೇಮ. ಕಲಬುರಗಿಯ ಜೇವರ್ಗಿ ಕಡೆಯ ಕಾಲುವೆ ಹೊಲಗಳು ಹೆಚ್ಚುಕಡಿಮೆ ನಮ್ಮ ಹಾಗೇ.

ತಳಿ ವಿಷಯ ಬೇಗ ಮುಗಿಸುತ್ತೇನೆ. ಬಿಪಿಟಿ 5204 ಮುಂಗಾರಿಗೆ ಇರಲಿ, ಅದು ಐದು ತಿಂಗಳ ಹತ್ತಿರ ತೆಗೆದುಕೊಳ್ಳುತ್ತದೆ. ಈಗ 120, 125 ದಿನದ ತಳಿ ಬೇಕು. ಎಂಟಿಯು 1010 ಅಥವಾ ಆರ್‌ಎನ್‌ಆರ್ 15048 ನೋಡಿ. ಪಾಕೀಟಿನ ಮೇಲೆ 120 ದಿನ ಅಂತಿದ್ದರೂ ಚಳಿ ಅದಕ್ಕೆ ಹತ್ತು ದಿನ ಸೇರಿಸುತ್ತದೆ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ, ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲೋ, ಭೀಮರಾಯನಗುಡಿ ಕೃಷಿ ಕಾಲೇಜಿನಲ್ಲೋ ಒಮ್ಮೆ ಕೇಳಿಕೊಳ್ಳಿ.

ಬಿತ್ತುವ ಹದಿನೈದು ದಿನ ಮೊದಲು: ಬೀಜದ ಪರೀಕ್ಷೆ

ಇದನ್ನು ದಯವಿಟ್ಟು ಬಿಡಬೇಡಿ. ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ. ಇನ್ನೊಂದು ನೂರು ಕಾಳು ಇನ್ನೊಂದು ಬಟ್ಟೆಯಲ್ಲಿ. ಮೊದಲಿನದನ್ನು ಅಡುಗೆಮನೆಯಲ್ಲಿ ಒಲೆಯಿಂದ ಸ್ವಲ್ಪ ದೂರ ಇಡಿ. ಎರಡನೆಯದನ್ನು ಹೊರಗೆ, ಇಲಿ ಮುಟ್ಟದ ಹಾಗೆ ಡಬ್ಬಿಯಲ್ಲಿ, ಕಟ್ಟೆ ಮೇಲೆ ಇಡಿ. ಎರಡೂ ಒಣಗದಂತೆ ನೋಡಿಕೊಳ್ಳಿ. ಎಂಟನೇ ದಿನ ಬಿಚ್ಚಿ ಎಣಿಸಿ. ಒಳಗಿನದು 90, ಹೊರಗಿನದು 80 ಬಂದರೆ ಆ ಬೀಜಕ್ಕೆ ಚಳಿ ತಡೆಯುವ ಕಸುವು ಇದೆ. ಒಳಗೆ 90, ಹೊರಗೆ 50 ಬಂದರೆ ಬೀಜ ಹಳೆಯದು, ದಣಿದದ್ದು. ಬೆಚ್ಚಗಿನ ಕಾಲಕ್ಕೆ ಅದು ನಡೆಯುತ್ತದೆ, ಡಿಸೆಂಬರಿಗೆ ಆಗುವುದಿಲ್ಲ. ಮರುಬಿತ್ತನೆಯ ವರ್ಷ ನಾನು ಅಂಗಡಿಯಲ್ಲಿ ಅವಸರದಲ್ಲಿ ತಂದ ಬೀಜ ಇಂಥದ್ದೇ ಇತ್ತು. ಅದರ ಉಳಿದ ಅರ್ಧ ಚೀಲದ ಮೇಲೆ ಆಮೇಲೆ ಈ ಪರೀಕ್ಷೆ ಮಾಡಿ ನೋಡಿದಾಗ ಹೊರಗಿನ ಬಟ್ಟೆಯಲ್ಲಿ 43 ಮೊಳೆತಿದ್ದವು. ಪಾಕೀಟಿನ ಮೇಲಿನ ತಾರೀಖು ಮೊದಲೇ ನೋಡದಿದ್ದದ್ದು ನನ್ನದೇ ತಪ್ಪು.

ಈಗಷ್ಟೇ ಕೊಯ್ದ ಮುಂಗಾರು ಭತ್ತವನ್ನೇ ಬೀಜ ಮಾಡುವವರು ಇನ್ನೂ ಎಚ್ಚರ ಇರಬೇಕು. ಹೊಸ ಕಾಳು ಕೆಲವು ವಾರ ನಿದ್ದೆಯಲ್ಲಿರುತ್ತದೆ. ಅದರ ಮೇಲೆ ಚಳಿ ಬೇರೆ. ಹೋದ ಬೇಸಿಗೆಯ ಬೀಜ ಚೆನ್ನಾಗಿ ಕಾಪಿಟ್ಟಿದ್ದರೆ ಅದೇ ಒಳ್ಳೆಯದು.

ಮಣ್ಣಿನ ಬಿಸಿ ಅಳೆಯುವುದು

ಗಾಜಿನ ಸಾದಾ ಥರ್ಮಾಮೀಟರ್ ಸಾಕು. ಜ್ವರ ನೋಡುವುದಲ್ಲ, ಶಾಲೆಯ ಲ್ಯಾಬಿನಲ್ಲಿ ಇರುವಂಥದ್ದು. ಕಡ್ಡಿಯಿಂದ ಎರಡು ಇಂಚು ತೂತು ಮಾಡಿ ಅದರಲ್ಲಿ ಇಳಿಸಿ, ಎರಡು ನಿಮಿಷ ಬಿಟ್ಟು, ಎತ್ತದೆ ಓದಿ. ಬೆಳಿಗ್ಗೆ ಏಳಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ. ಹೊಲದ ನಡುವೆ ಒಂದು ಕಡೆ, ತಗ್ಗಿನ ಮೂಲೆಯಲ್ಲಿ ಒಂದು ಕಡೆ. ತಗ್ಗಿನಲ್ಲಿ ಒಂದೆರಡು ಡಿಗ್ರಿ ಕಡಿಮೆಯೇ ಇರುತ್ತದೆ, ತಣ್ಣನೆ ಗಾಳಿಯೂ ನೀರಿನ ಹಾಗೆ ತಗ್ಗಿಗೆ ಹರಿದು ಕೂರುತ್ತದೆ.

ಬೆಳಗಿನ ಓದು ಮೂರು ದಿನ ಸತತವಾಗಿ 16ಕ್ಕಿಂತ ಮೇಲಿದ್ದು, ಮುಂದಿನ ಐದು ದಿನ ಗಾಳಿಯ ಕನಿಷ್ಠ 12ಕ್ಕಿಂತ ಕೆಳಗೆ ಹೋಗುವ ಮುನ್ಸೂಚನೆ ಇಲ್ಲದಿದ್ದರೆ ನಾನು ಬೀಜ ನೆನೆ ಹಾಕುತ್ತೇನೆ. ಇದು ಸರ್ಕಾರಿ ಶಿಫಾರಸಲ್ಲ, ನನ್ನ ಹೊಲದ ಅಳತೆ. ಎರಿ ಮಣ್ಣು ಒದ್ದೆಯಾಗಿದ್ದರೆ ನಿಧಾನ ಕಾಯುತ್ತದೆ, ನಿಧಾನ ಆರುತ್ತದೆ. ಮಸಾರಿ (ಕೆಂಪು) ಮಣ್ಣು ಬೇಗ ಕಾಯುತ್ತದೆ, ಬೇಗ ಆರುತ್ತದೆ. ನಿಮ್ಮ ಮಣ್ಣು ನೋಡಿ ನಿಮ್ಮ ಗೆರೆ ಹಾಕಿಕೊಳ್ಳಿ.

ಬೀಜ ನೆನೆಸುವುದು, ಮೊಳಕೆ ಕಟ್ಟುವುದು

ಮೊದಲು ಉಪ್ಪು ನೀರಿಗೆ ಹಾಕಿ ಜೊಳ್ಳು ತೆಗೆಯಿರಿ. ಉಪ್ಪು ಎಷ್ಟು ಅಂದರೆ ಕೋಳಿಮೊಟ್ಟೆ ತೇಲಿ ರೂಪಾಯಿ ನಾಣ್ಯದಷ್ಟು ಮೇಲೆ ಕಾಣಬೇಕು. ಮುಳುಗಿದ ಬೀಜ ಮಾತ್ರ ಬೇಕು, ಅದನ್ನು ಒಳ್ಳೆ ನೀರಲ್ಲಿ ಎರಡು ಸಲ ತೊಳೆಯಿರಿ. ಚಳಿಯಲ್ಲಿ ಗಟ್ಟಿ ಕಾಳಿಗೆ ಬೆಲೆ ಜಾಸ್ತಿ. ಹಸಿರು ಬಂದು ತನ್ನ ಊಟ ತಾನು ಮಾಡುವವರೆಗೂ ಅದು ಕಾಳಿನೊಳಗಿನ ಬುತ್ತಿಯ ಮೇಲೇ ಬದುಕಬೇಕು.

ನೆನೆಸಲು ಕಾಲುವೆ ನೀರು ಬೇಡ, ಬೋರ್‌ವೆಲ್ ನೀರು ತೆಗೆದುಕೊಳ್ಳಿ. ಚಳಿಗಾಲದ ಬೆಳಿಗ್ಗೆ ಬೋರಿನ ನೀರು ಕೈಗೆ ಬೆಚ್ಚಗೆ ಹತ್ತುತ್ತದೆ, ಗೊತ್ತಲ್ವಾ? ಅದರಲ್ಲಿ 24 ಗಂಟೆ, ನಡುವೆ ಒಮ್ಮೆ ನೀರು ಬದಲಿಸಿ. ಆಮೇಲೆ ಗೋಣಿಚೀಲಕ್ಕೆ ಸಡಿಲವಾಗಿ ತುಂಬಿ. ಚೀಲವನ್ನು ನೆಲದ ಮೇಲೆ ಇಡಬೇಡಿ, ಕೆಳಗೆ ಒಂದು ಗೇಣು ಹುಲ್ಲು ಹಾಸಿ, ಮೇಲೆ ಹುಲ್ಲು, ಅದರ ಮೇಲೆ ಹಳೆ ಕಂಬಳಿ. ಕೊಟ್ಟಿಗೆಯ ಒಳಗಾದರೆ ಇನ್ನೂ ಒಳ್ಳೆಯದು, ದನದ ಉಸಿರಿಗೇ ಕೋಣೆ ಬೆಚ್ಚಗಿರುತ್ತದೆ. ಬೆಳಿಗ್ಗೆ ಸಂಜೆ ಉಗುರುಬೆಚ್ಚಗಿನ ನೀರು ಚಿಮುಕಿಸಿ.

ಮಳೆಗಾಲದಲ್ಲಿ 24 ಗಂಟೆಗೆ ಮೊಳಕೆ ಮೂಗು ತೋರಿಸುತ್ತದೆ. ಡಿಸೆಂಬರಿನಲ್ಲಿ 36 ಗಂಟೆ, ಕೆಲವು ಸಲ 48. ಆಗಾಗ ಚೀಲದ ನಡುವೆ ಮೊಣಕೈವರೆಗೆ ಕೈ ಇಳಿಸಿ ನೋಡಿ. ಅಂಚಿನಲ್ಲಿ ತಣ್ಣಗೆ, ನಡುವೆ ಬಿಸಿ ಇರುತ್ತದೆ. ನಡುವಿನದು ಕೈ ಸುಡುವಂತಿದ್ದರೆ, ಹುಳಿ ವಾಸನೆ ಬಂದರೆ ಕೂಡಲೇ ಸುರುವಿ ಆರಿಸಿ. ಚಳಿಯಲ್ಲಿ ಬೀಜ ಬೆಂದು ಸಾಯುವುದೂ ಉಂಟು ಅಂದರೆ ನಗಬೇಡಿ, ನಮ್ಮೂರಲ್ಲಿ ಆಗಿದೆ. ಪ್ರತಿ ಎಂಟು ಗಂಟೆಗೆ ಅಂಚಿನದು ನಡುವೆ, ನಡುವಿನದು ಅಂಚಿಗೆ ಬರುವ ಹಾಗೆ ಕೈಯಾಡಿಸಿ. ಬಿಳಿ ಮೊಳಕೆ ಎಳ್ಳುಕಾಳಿಗಿಂತ ಚಿಕ್ಕದಿರುವಾಗಲೇ ನಿಲ್ಲಿಸಿ. ಉದ್ದವಾದರೆ ಡ್ರಮ್ಮಿನ ತೂತಿನಲ್ಲಿ ಸಿಕ್ಕಿ ಮುರಿಯುತ್ತದೆ. ಬಿತ್ತುವ ಮೊದಲು ಅರ್ಧ ಗಂಟೆ ನೆರಳಲ್ಲಿ ಹರವಿ, ಬೀಜಕ್ಕೆ ಬೀಜ ಅಂಟದಂತೆ.

ಬೀಜೋಪಚಾರದ ಬಗ್ಗೆ ಒಂದು ಮಾತು. ಕಿಲೋ ಬೀಜಕ್ಕೆ 2 ಗ್ರಾಂ ಕಾರ್ಬೆಂಡಜಿಂ ಎಂಬ ಶಿಲೀಂಧ್ರನಾಶಕ ಹಾಕುವುದು ರೂಢಿ. ಬೀಜದ ಜೊತೆ ಬರುವ ರೋಗಕ್ಕೆ ಅದು ಸರಿ. ಆದರೆ ತಣ್ಣನೆ ಕೆಸರಿನಲ್ಲಿ ಬೀಜದ ಸುತ್ತ ಬಿಳಿ ಹತ್ತಿಯಂತೆ ಬೆಳೆದು ಕೊಳೆಸುವ ಪಿಥಿಯಂ ಜಾತಿಯ ಬೂಷ್ಟಿಗೆ ಅದು ನಾಟುವುದಿಲ್ಲ. ಅದಕ್ಕೆ ದೊಡ್ಡ ಮದ್ದು ಅಂದರೆ ನೀರು ಬಸಿಯುವುದು. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬಳಸುವವರು ಅದನ್ನು ಕಾರ್ಬೆಂಡಜಿಂ ಜೊತೆ ಬೆರೆಸಬೇಡಿ, ಕಾರ್ಬೆಂಡಜಿಂ ಅದನ್ನು ಕೊಲ್ಲುತ್ತದೆ.

ಹೊಲದಲ್ಲಿ

ಕೆಸರು ಮಾಡಿ ಹಲಗೆ ಹೊಡೆದ ಮೇಲೆ ಒಂದು ದಿನ ಬಿಡಿ, ಎರಿ ಮಣ್ಣಾದರೆ ಒಂದೂವರೆ ದಿನ. ಬೆರಳಿಂದ ಗೆರೆ ಎಳೆದರೆ ಗೆರೆ ನಿಲ್ಲಬೇಕು, ಮುಚ್ಚಿಕೊಳ್ಳಬಾರದು. ತೆಳು ಕೆಸರಲ್ಲಿ ಬೀಜ ಮುಳುಗುತ್ತದೆ. ಮುಳುಗಿದ ಬೀಜಕ್ಕೆ ಗಾಳಿಯೂ ಇಲ್ಲ, ಬಿಸಿಯೂ ಇಲ್ಲ. ಎಂಟು ಹತ್ತು ಅಡಿಗೆ ಒಂದರಂತೆ ಬಸಿಗಾಲುವೆ ತೆಗೆಯಿರಿ. ತಗ್ಗಿನ ಮೂಲೆಗೆ ತಪ್ಪದೆ ಒಂದು.

ಎಕರೆಗೆ 12 ಕಿಲೋ ಸಾಕು ಎನ್ನುವ ಕಡೆ ನಾನು ಚಳಿಯಲ್ಲಿ 15 ಹಾಕುತ್ತೇನೆ. ಬೆಳಿಗ್ಗೆ ಹತ್ತರ ಮೇಲೆ, ಕೆಸರಿಗೆ ಬಿಸಿಲು ತಾಗಿದ ಮೇಲೆ ಎಳೆಸಿ. ಆಳುಗಳಿಗೂ ಅದೇ ಇಷ್ಟ.

ಒಣ ಬಿತ್ತನೆ ಮಾಡುವವರು ಕೂರಿಗೆಯನ್ನು ಒಂದು ಇಂಚಿಗಿಂತ ಆಳ ಇಳಿಸಬೇಡಿ. ಈಗಿನ ಗಿಡ್ಡ ತಳಿಗಳು ಆಳದಿಂದ ಎದ್ದು ಬರಲಾರವು, ಅದರಲ್ಲೂ ಚಳಿಗೆ. ಬಿತ್ತಿ ನೀರು ಬಿಡುವುದಕ್ಕಿಂತ ಮೊದಲೇ ನೀರು ಬಿಟ್ಟು, ಹದ ಬಂದ ಮೇಲೆ ಬಿತ್ತಿ. ಬಿತ್ತಿದ ಮೇಲೆ ಬಿಟ್ಟ ನೀರು ಮಣ್ಣನ್ನು ಮತ್ತೆ ತಣ್ಣಗೆ ಮಾಡುತ್ತದೆ, ಎರಿ ಮಣ್ಣಿನ ಮೇಲೆ ಗಟ್ಟಿ ಹೆಕ್ಕಳಿಕೆಯ ಪದರವೂ ಕಟ್ಟುತ್ತದೆ. ಬೀಜವನ್ನು ಒಂದು ರಾತ್ರಿ ನೆನೆಸಿ ನೆರಳಲ್ಲಿ ಒಣಗಿಸಿ ಬಿತ್ತಿದರೆ ಎರಡು ದಿನ ಬೇಗ ಏಳುತ್ತದೆ.

ನೀರು: ಸಂಜೆ ಕಟ್ಟಿ, ಬೆಳಿಗ್ಗೆ ಬಸಿಯಿರಿ

ಕೆಸರು ಬಿತ್ತನೆಯಲ್ಲಿ ಮೊದಲ ಮೂರು ನಾಲ್ಕು ದಿನ ಹೊಲದಲ್ಲಿ ನೀರು ನಿಲ್ಲಲು ಬಿಡಬೇಡಿ, ಮಣ್ಣು ಹಸಿಯಾಗಿದ್ದರೆ ಸಾಕು. ಹಸಿರು ಮೊನೆ ಕಂಡ ಮೇಲೆ ಸಂಜೆ ಐದರ ಸುಮಾರಿಗೆ ಬೆರಳಿನ ಒಂದು ಗೆಣ್ಣಿನಷ್ಟು ನೀರು ಕಟ್ಟಿ. ರಾತ್ರಿ ಮಣ್ಣಿನ ಬಿಸಿ ಹಾರಿಹೋಗದಂತೆ ಆ ನೀರು ಕಾಯುತ್ತದೆ. ಬೆಳಿಗ್ಗೆ ಅದೇ ನೀರು ತಣ್ಣಗೆ ಕೊರೆಯುತ್ತಿರುತ್ತದೆ. ಎಂಟಕ್ಕೆ ಅದನ್ನು ಬಸಿದುಬಿಡಿ, ಬಿಸಿಲು ನೇರ ಮಣ್ಣಿಗೆ ಬೀಳಲಿ. ಎರಡು ವಾರ ಹೀಗೆ ಮಾಡಿದರೆ ಸಾಕು.

ವಾರಬಂದಿಯಲ್ಲಿ ದಿನಾ ನೀರು ಎಲ್ಲಿ ಬರುತ್ತೆ ಅಂತ ನೀವು ಕೇಳುತ್ತೀರಿ. ಸರಿಯಾದ ಪ್ರಶ್ನೆ. ನನಗೆ ಸಣ್ಣ ಬೋರ್ ಇದೆ, ಆ ಎರಡು ವಾರ ಅದನ್ನೇ ಬಳಸುತ್ತೇನೆ. ಬೋರೂ ಇಲ್ಲ, ಕೃಷಿ ಹೊಂಡವೂ ಇಲ್ಲ ಎನ್ನುವವರು ಸರದಿ ಶುರುವಾಗುವ ದಿನಕ್ಕೆ ಬಿತ್ತನೆ ಹೊಂದಿಸಿಕೊಳ್ಳಿ. ಆಗ ಮೊದಲ ವಾರವಾದರೂ ನೀರು ಕೈಯಲ್ಲಿರುತ್ತದೆ. ಕ್ಯಾಲಿಫೋರ್ನಿಯಾದವರ ಹಾಗೆ ನೀರು ತುಂಬಿಸಿಯೇ ಇಡುತ್ತೇನೆ ಅನ್ನಬೇಡಿ. ತಗ್ಗಿನ ಮೂಲೆಯಲ್ಲಿ ಬೀಜ ಕೊಳೆತು ನಾರುವುದನ್ನು ನಾನು ನೋಡಿದ್ದೇನೆ.

ಹನ್ನೆರಡನೇ ದಿನ

ಗಾಬರಿ ಬೀಳುವ ಮೊದಲು ಕೆಸರು ಕೆದಕಿ ಹತ್ತು ಕಾಳು ತೆಗೆಯಿರಿ. ಉಗುರಲ್ಲಿ ಒತ್ತಿ. ಗಟ್ಟಿಯಾಗಿ, ಒಳಗೆ ಹಾಲಿನಂತೆ ಬೆಳ್ಳಗಿದ್ದರೆ ಜೀವ ಇದೆ, ಕಾಯಿರಿ. ಮೆತ್ತಗೆ ಲೋಳೆಯಾಗಿ ನಾರಿದರೆ ಹೋಯಿತು.

ಒಂದು ಅಡಿ ಉದ್ದ, ಒಂದು ಅಡಿ ಅಗಲದ ಚೌಕ ಕಟ್ಟಿಕೊಂಡು ಹೊಲದಲ್ಲಿ ಹತ್ತು ಕಡೆ ಎಣಿಸಿ. ಚೌಕಕ್ಕೆ ಎಂಟು ಹತ್ತು ಸಸಿ ಇದ್ದರೆ ಬಹಳ ಚೆನ್ನ. ಐದಾರು ಇದ್ದರೂ ಎಲ್ಲ ಕಡೆ ಸಮನಾಗಿದ್ದರೆ ಮರುಬಿತ್ತನೆ ಬೇಡ, ಭತ್ತ ತೆಂಡೆ ಒಡೆದು ಜಾಗ ತುಂಬುತ್ತದೆ. ಅದಕ್ಕಿಂತ ಕಡಿಮೆ ಇರುವ ತುಂಡಿಗೆ ಮಾತ್ರ ದಟ್ಟವಾಗಿರುವ ಕಡೆಯಿಂದ ಸಸಿ ಕಿತ್ತು ನೆಡಿ. ನಾನು ಆ ವರ್ಷ ಎಣಿಸದೆ, ಬರೀ ಕಣ್ಣಳತೆಯಲ್ಲಿ ಅರ್ಧ ಹೊಲಕ್ಕೆ ಮರುಬಿತ್ತಿದೆ. ಮುಂದಿನ ವಾರ ಬಿಸಿಲು ಏರಿದಾಗ ಹಳೆ ಬೀಜವೂ ಎದ್ದಿತು, ಹೊಸದೂ ಎದ್ದಿತು. ಒಂದೇ ಹೊಲದಲ್ಲಿ ಎರಡು ವಯಸ್ಸಿನ ಬೆಳೆ. ಕೊಯ್ಲಿನಲ್ಲಿ ಅರ್ಧ ಹಣ್ಣು, ಅರ್ಧ ಹಸಿ.

ಹಳದಿ ಕಂಡ ಕೂಡಲೇ ಯೂರಿಯಾ ಚೀಲ ಬಿಚ್ಚಬೇಡಿ

ಚಳಿಗೆ ಎಳೆ ಸಸಿ ಹಳದಿಯಾಗುತ್ತದೆ, ಕೆಲವು ಎಲೆಯಲ್ಲಿ ಅಡ್ಡ ಬಿಳಿ ಪಟ್ಟೆ ಬರುತ್ತದೆ. ಬೇರು ತಣ್ಣಗಿರುವುದರಿಂದ ಅದು ಉಣ್ಣುತ್ತಿಲ್ಲ. ಉಣ್ಣದ ಮಗುವಿಗೆ ತಟ್ಟೆ ತುಂಬ ಬಡಿಸಿದರೆ ಏನು ಬಂತು? ಹಾಕಿದ ಯೂರಿಯಾ ಕಳೆಗೆ ಹೋಗುತ್ತದೆ. ಬಿಸಿಲು ಏರಿ ಹೊಸ ಎಲೆ ಹಸಿರಾಗಿ ಬರುವುದನ್ನು ನೋಡಿ, ಆಮೇಲೆ ಮೊದಲ ಕಂತು ಕೊಡಿ. ರಂಜಕ ಮಾತ್ರ ಪೂರ್ತಿ ಬಿತ್ತುವಾಗಲೇ ಕೊಟ್ಟಿರಬೇಕು, ತಣ್ಣನೆ ಮಣ್ಣಿನಿಂದ ಅದನ್ನು ಎಳೆದುಕೊಳ್ಳುವುದು ಬೇರಿಗೆ ಕಷ್ಟ.

ಹಳೆ ಎಲೆಗಳ ಮೇಲೆ ತುಕ್ಕಿನಂಥ ಕಂದು ಚುಕ್ಕೆ, ಹೊಸ ಎಲೆಯ ಬುಡದ ನರ ಬಿಳಿಚಿಕೊಂಡಿದ್ದರೆ ಅದು ಸತುವಿನ ಕೊರತೆ. ನಮ್ಮ ಎರಿ ಮಣ್ಣಿನಲ್ಲಿ ಅದು ಮೊದಲೇ ಕಮ್ಮಿ, ಚಳಿಗೆ ಇನ್ನೂ ಎದ್ದು ಕಾಣುತ್ತದೆ. ಲೀಟರ್ ನೀರಿಗೆ 2 ಗ್ರಾಂ ಜಿಂಕ್ ಸಲ್ಫೇಟ್ ಬೆರೆಸಿ, ಐದು ದಿನ ಬಿಟ್ಟು ಎರಡು ಸಲ ಸಿಂಪಡಿಸಿ. ಕೆಸರು ಮಾಡುವಾಗಲೇ ಎಕರೆಗೆ 8ರಿಂದ 10 ಕಿಲೋ ಹಾಕಿದ್ದರೆ ಈ ತಾಪತ್ರಯ ಇರುವುದಿಲ್ಲ. ಡಿಎಪಿ ಜೊತೆ ಕಲಸಿ ಹಾಕಬೇಡಿ.

ಕಳೆನಾಶಕಕ್ಕೂ ಇದೇ ಮಾತು. "ಇಪ್ಪತ್ತನೇ ದಿನ ಹೊಡೆಯಿರಿ" ಅಂತ ಅಂಗಡಿಯವರು ಹೇಳುವುದು ಮಳೆಗಾಲದ ಲೆಕ್ಕ. ಚಳಿಯಲ್ಲಿ ಇಪ್ಪತ್ತನೇ ದಿನಕ್ಕೆ ನಿಮ್ಮ ಭತ್ತಕ್ಕೆ ಎರಡೇ ಎಲೆ ಇರಬಹುದು. ದಿನ ಬಿಟ್ಟು ಎಲೆ ಎಣಿಸಿ, ಲೇಬಲ್ ಮೇಲೆ ಎಷ್ಟು ಎಲೆ ಅಂತ ಬರೆದಿದೆಯೋ ನೋಡಿ. ಥಂಡಿಗೆ ಮುದುಡಿ ಕೂತ ಸಸಿಗೆ ಔಷಧಿ ಅರಗಿಸಿಕೊಳ್ಳುವ ಶಕ್ತಿ ಕಡಿಮೆ. ಎರಡು ದಿನ ಬಿಸಿಲು ಚೆನ್ನಾಗಿ ಬಿದ್ದ ಮೇಲೆ, ಹತ್ತು ಗಂಟೆಗೆ, ಎಲೆ ಮೇಲಿನ ಇಬ್ಬನಿ ಆರಿದ ಮೇಲೆ ಹೊಡೆಯಿರಿ.